ತೋಟದ ಕಣಿವೆಗೆ ಸಿಗ್ನಲ್ ಇಳಿಯುವ ಬಗೆ

ಬೆಳಗಾವಿ ಜಿಲ್ಲೆಯ ಕಿತ್ತೂರು ಎಂದರೆ ನಮಗೆ ಚೆನ್ನಮ್ಮನ ಕೋಟೆ ನೆನಪಾಗುತ್ತದೆ. ಭಾರತದ ಟೆಲಿಫೋನ್ ಚರಿತ್ರೆಯಲ್ಲೂ ಆ ಊರಿಗೆ ಜಾಗವಿದೆ. ನಮ್ಮ ಎಂಜಿನಿಯರುಗಳು ಹಳ್ಳಿಗೆಂದೇ ರೂಪಿಸಿದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ಅಲ್ಲಿ, 1986ರಲ್ಲಿ. ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಎಂಬುದು ಅದರ ಪೂರ್ತಿ ಹೆಸರು. ಇಲಾಖೆಯವರ ಬಾಯಲ್ಲಿ ಅದು ‘ರ್‍ಯಾಕ್ಸ್’. ಅದಕ್ಕೆ ಒಟ್ಟು 128 ತುದಿಗಳು. ಅವುಗಳಲ್ಲಿ ಕೆಲವು ಹೊರಊರಿನ ಸಂಪರ್ಕಕ್ಕೆ, ಮಿಕ್ಕವು ಊರಿನ ಫೋನುಗಳಿಗೆ. ಚಿಕ್ಕ ಕೋಣೆಯ ಒಂದು ಮೂಲೆ ಸಾಕಾಗುತ್ತಿತ್ತು.

ಆ 128 ಎಂಬ ಸಣ್ಣ ಸಂಖ್ಯೆಯಲ್ಲೇ ದೊಡ್ಡ ವಿಚಾರವಿದೆ. 1980ರ ಸುಮಾರಿಗೆ ಇಡೀ ದೇಶದಲ್ಲಿದ್ದದ್ದು 25 ಲಕ್ಷದಷ್ಟು ಫೋನು, ಅವೂ ಬಹುಪಾಲು ನಗರಗಳಲ್ಲಿ. ಹಳ್ಳಿಯವರು ಮುಂಬಯಿಯ ಮಗನ ಜೊತೆ ಎರಡು ಮಾತಾಡಬೇಕಾದರೆ ಪೇಟೆಗೆ ಬಂದು, ಟ್ರಂಕ್ ಕಾಲ್ ಬುಕ್ ಮಾಡಿ, ಕರೆ ಸಿಗುವವರೆಗೆ ಬೆಂಚಿನ ಮೇಲೆ ಕಾಯಬೇಕಿತ್ತು. ಹಳ್ಳಿಗೂ ಎಕ್ಸ್‌ಚೇಂಜ್ ಹಾಕೋಣವೆಂದರೆ ವಿದೇಶದಿಂದ ಬರುತ್ತಿದ್ದ ಎಲೆಕ್ಟ್ರಾನಿಕ್ ಯಂತ್ರಗಳು ಸಾವಿರಾರು ಸಂಪರ್ಕಗಳಿಗೆ ಅಳತೆ ಮಾಡಿದವು. ಅವುಗಳನ್ನು ಏಸಿ ಕೋಣೆಯಲ್ಲೇ ಇಡಬೇಕು. ಫ್ಯಾನು ಸರಿಯಾಗಿ ತಿರುಗುವಷ್ಟೂ ವೋಲ್ಟೇಜ್ ಇರದ ಊರಿನಲ್ಲಿ ಏಸಿಯ ಮಾತೆಲ್ಲಿ ಬಂತು?

1984ರ ಆಗಸ್ಟ್‌ನಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಈ ಗಂಟನ್ನು ಬಿಡಿಸಿತು. ಅದಕ್ಕೆ ಸರ್ಕಾರ ಕೊಟ್ಟದ್ದು 36 ಕೋಟಿ ರೂಪಾಯಿ, 36 ತಿಂಗಳು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಮುಖ್ಯ ಪ್ರೇರಣೆ. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕುಳಿತ ಎಳೆಯ ಎಂಜಿನಿಯರುಗಳು ಮೊದಲು ಕೇಳಿಕೊಂಡ ಪ್ರಶ್ನೆ ಬಿಸಿಯದ್ದು. ಬಿಸಿ ಏರಿದಷ್ಟೂ ಎಲೆಕ್ಟ್ರಾನಿಕ್ ಭಾಗಗಳ ಆಯಸ್ಸು ಇಳಿಯುತ್ತದೆ. ನಗರದ ಯಂತ್ರ ಆ ಬಿಸಿಯನ್ನು ಏಸಿಯಿಂದ ಹೊರದಬ್ಬುತ್ತಿತ್ತು. ಇವರು ಬಿಸಿ ಹುಟ್ಟುವುದನ್ನೇ ತಗ್ಗಿಸಿದರು. ಕಡಿಮೆ ವಿದ್ಯುತ್ ತಿನ್ನುವ ಚಿಪ್‌ಗಳನ್ನು ಆರಿಸಿಕೊಂಡರು. ಬೆಚ್ಚಗಾದ ಗಾಳಿ ತಾನಾಗಿ ಮೇಲೇರಿ ಹೋಗಿ, ತಣ್ಣನೆಯ ಗಾಳಿ ಕೆಳಗಿನಿಂದ ಒಳಬರುವಂತೆ ಪೆಟ್ಟಿಗೆ ಕಟ್ಟಿದರು. ಏಸಿ ಬೇಡವಾಯಿತು. ಮುಂದಿನ ವರ್ಷಗಳಲ್ಲಿ ಈ ಪೆಟ್ಟಿಗೆ ದೇಶದ ಸಾವಿರಾರು ಹಳ್ಳಿಗಳಿಗೆ ಹೋಯಿತು. ಫೋನು ಕಾಣದ ಊರಿಗೆ ಸಂಪರ್ಕ ತಲುಪಿಸುವ ಕೆಲಸ ಆ ಊರಿನ ಬಿಸಿಲು, ಧೂಳು, ಕರೆಂಟು, ಜಾಗದ ಉಬ್ಬುತಗ್ಗುಗಳನ್ನು ಮೊದಲೇ ತಿಳಿದುಕೊಂಡವರ ಕೈಯಲ್ಲಿ ಗೆದ್ದಿದೆ. ನಗರದ ಯಂತ್ರವನ್ನೇ ತಂದು ನಿಲ್ಲಿಸಿದವರ ಕೈಯಲ್ಲಿ ಮತ್ತೆ ಮತ್ತೆ ಸೋತಿದೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇದನ್ನೇ.

ಕಿತ್ತೂರಿನಂಥ ಊರಿನಲ್ಲಿ ಮನೆಗಳು ಒತ್ತೊತ್ತಾಗಿವೆ. ಅರ್ಧ ಕಿಲೋಮೀಟರ್ ತಂತಿ ಎಳೆದರೆ ಹತ್ತಾರು ಮನೆ ಸಿಗುತ್ತವೆ. ತೀರ್ಥಹಳ್ಳಿ, ಕೊಪ್ಪ, ಶಿರಸಿ, ಸುಳ್ಯದ ಕಡೆ ಲೆಕ್ಕವೇ ಬೇರೆ. ಅಲ್ಲಿ ಊರು ಎಂದರೆ ಒಂದೊಂದು ತೋಟದ ಅಂಚಿಗೆ ಒಂದೊಂದು ಮನೆ, ನಡುವೆ ಕಾಡು, ಹಳ್ಳ, ಧರೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಜೋಡಿ ತಂತಿ ಪ್ರತಿ ಕಿಲೋಮೀಟರಿಗೆ 170 ಓಮ್‌ಗೂ ಹೆಚ್ಚು ತಡೆ ಒಡ್ಡುತ್ತದೆ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ಹೊರಟ ಕರೆಂಟು ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಸೋಲತೊಡಗುತ್ತದೆ. ಆದರೂ ಮಲೆನಾಡಿನವರು ಲ್ಯಾಂಡ್‌ಲೈನನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಮನೆಯಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಆ ಫೋನು ಮಾತಾಡುತ್ತಿತ್ತು, ಏಕೆಂದರೆ ಅದಕ್ಕೆ ಬೇಕಾದ ಕರೆಂಟು ಬರುತ್ತಿದ್ದದ್ದು ಮಾತಿನ ತಂತಿಯಲ್ಲೇ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಏಣಿ ಹೊತ್ತು ಕಾಡಿನಲ್ಲಿ ಬರುತ್ತಿದ್ದ. ಲೈನ್‌ಮನ್ನುಗಳ ಹುದ್ದೆ ಕಡಿಮೆಯಾದಂತೆ ಲ್ಯಾಂಡ್‌ಲೈನೂ ಸತ್ತಿತು.

1990ರ ದಶಕದಲ್ಲಿ ತಂತಿಯೇ ಬೇಡವೆಂದು ಒಂದು ರೇಡಿಯೊ ಪ್ರಯೋಗ ನಡೆಯಿತು. ಹದಿನೈದು ಹಳ್ಳಿಗಳ ಸಾರ್ವಜನಿಕ ಫೋನುಗಳಿಗೆ ಎರಡೇ ರೇಡಿಯೊ ದಾರಿ, ಯಾರು ಮೊದಲು ಎತ್ತಿದರೋ ಅವರಿಗೆ. ಕಾಗದದ ಮೇಲೆ ಜಾಣ ಲೆಕ್ಕ. ಹಳ್ಳಿಯಲ್ಲಿ ಅದರ ಬ್ಯಾಟರಿ ಸತ್ತರೆ ಬದಲಿಸುವವರಿರಲಿಲ್ಲ, ಸೌರಫಲಕ ಕಳುವಾದರೆ ಕೇಳುವವರಿರಲಿಲ್ಲ. ಹಲವು ಕಡೆ ಪೆಟ್ಟಿಗೆ ಮಾತ್ರ ಗೋಡೆಯಲ್ಲಿ ಉಳಿಯಿತು. ಕೊನೆಗೆ ಸರ್ಕಾರವೇ ಅವನ್ನು ಕಿತ್ತು ಬೇರೆ ತಂತ್ರ ಹಾಕಬೇಕಾಯಿತು.

ಆಮೇಲೆ ಮೊಬೈಲ್ ಬಂತು. ಬಯಲುಸೀಮೆಗೆ ಅದು ವರವಾಯಿತು. ಒಂದು ಟವರ್ ನಿಲ್ಲಿಸಿದರೆ ಸುತ್ತಲಿನ ಐದಾರು ಹಳ್ಳಿಗೆ ಸಾಕು. ಅದೇ ಟವರ್ ಮಲೆನಾಡಿನಲ್ಲಿ ಏಕೆ ಸೋತಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಇದಕ್ಕೆ ಉತ್ತರ ಅಡಿಕೆ ತೋಟದಲ್ಲೇ ಇದೆ ಎಂದು ನನ್ನ ನಂಬಿಕೆ.

ಅಡಿಕೆಗೆ ನೀರು ಬೇಕು, ಪಡುವಣ ಬಿಸಿಲು ನೇರ ಬಡಿಯಬಾರದು, ಜೋರು ಗಾಳಿಯೂ ಕೂಡದು. ಅದಕ್ಕೇ ನಮ್ಮ ಹಿರಿಯರು ಎರಡು ಗುಡ್ಡಗಳ ನಡುವಿನ ತಗ್ಗು ಹುಡುಕಿ ತೋಟ ಮಾಡಿದರು. ತೋಟಕ್ಕೆ ಗೊಬ್ಬರ ಒದಗಿಸಲು ಮೇಲೆ ಸೊಪ್ಪಿನ ಬೆಟ್ಟ ಉಳಿಸಿಕೊಂಡರು, ತೋಟ ಕಣ್ಣಿಗೆ ಕಾಣುವಂತೆ ಅಂಚಿನಲ್ಲಿ ಮನೆ ಕಟ್ಟಿದರು. ನೂರಾರು ವರ್ಷ ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಬಿಸಿಲು ಗಾಳಿಗಳಿಗೆ ಮರೆಯಾಗಲೆಂದು ಆರಿಸಿದ ಆ ತಗ್ಗು ಈಗ ರೇಡಿಯೊ ಅಲೆಗೂ ಮರೆಯಾಗಿ ಕೂತಿದೆ.

ರೇಡಿಯೊ ಅಲೆ ಗುಡ್ಡಕ್ಕೆ ಬಡಿದರೆ ಅಲ್ಲೇ ಪೂರ್ತಿ ನಿಲ್ಲುವುದಿಲ್ಲ. ಗುಡ್ಡದ ನೆತ್ತಿಯನ್ನು ಸವರಿಕೊಂಡು ಹೋಗುವ ಅಲೆಯ ಸ್ವಲ್ಪ ಭಾಗ ಆಚೆಗೆ ಬಾಗಿ ತಗ್ಗಿಗೂ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಅಲೆಯ ಉದ್ದಕ್ಕೆ ಸೇರಿದ್ದು. ಮೊಬೈಲ್ ಕಂಪನಿಗಳು ಬಳಸುವ 700 ಮೆಗಾಹರ್ಟ್ಸ್ ತರಂಗದ ಉದ್ದ 43 ಸೆಂಟಿಮೀಟರ್, 2100 ಮೆಗಾಹರ್ಟ್ಸ್ ತರಂಗದ್ದು 14 ಸೆಂಟಿಮೀಟರ್. ಉದ್ದದ ಅಲೆ ಹೆಚ್ಚು ಬಾಗುತ್ತದೆ. ಒಂದು ಲೆಕ್ಕ ಹಾಕೋಣ. ಟವರಿಗೂ ಮನೆಗೂ ಐದು ಕಿಲೋಮೀಟರ್. ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಗುಡ್ಡ. ಟವರಿನಿಂದ ಮನೆಗೆ ಎಳೆದ ನೇರ ಗೆರೆಗಿಂತ ಅದರ ನೆತ್ತಿ 100 ಮೀಟರ್ ಮೇಲಿದೆ. ಗುಡ್ಡವನ್ನು ಕತ್ತಿಯ ಅಲಗಿನಷ್ಟು ತೆಳು ಎಂದುಕೊಂಡರೂ 700ರ ಅಲೆ ಅದನ್ನು ದಾಟುವಾಗ ಎರಡು ಸಾವಿರದಲ್ಲಿ ಒಂದು ಪಾಲಾಗಿ ಉಳಿಯುತ್ತದೆ, 2100ರ ಅಲೆ ಆರು ಸಾವಿರದಲ್ಲಿ ಒಂದು ಪಾಲು. ಗುಡ್ಡವೇ ಇರದ ಬಯಲಿನಲ್ಲೂ, ಒಂದೇ ಬಗೆಯ ಆ್ಯಂಟೆನಾಗಳ ನಡುವೆ 2100ರ ಅಲೆ 700ರದ್ದಕ್ಕಿಂತ ಒಂಬತ್ತು ಪಟ್ಟು ಕ್ಷೀಣವಾಗಿ ಬಂದಿರುತ್ತದೆ. ಎರಡನ್ನೂ ಗುಣಿಸಿದರೆ ತೋಟದ ಮನೆಗೆ ಬರುವ ಸಿಗ್ನಲ್‌ನಲ್ಲಿ 27 ಪಟ್ಟು ವ್ಯತ್ಯಾಸ. ನಿಜವಾದ ಗುಡ್ಡ ಅಲಗಿನಂತಿರದೆ ದುಂಡಗಿರುತ್ತದೆ, ಅದರ ಮೇಲೆ ಕಾಡಿರುತ್ತದೆ, ಹಾಗಾಗಿ ನಷ್ಟ ಇನ್ನೂ ಹೆಚ್ಚು. ಜನದಟ್ಟಣೆಯ ನಗರದಲ್ಲಿ ಗಿಡ್ಡ ಅಲೆಗಳು ಅನುಕೂಲ, ಹೆಚ್ಚು ಮಾಹಿತಿ ಹೊರುತ್ತವೆ. ಮಲೆನಾಡಿಗೆ ಮೊದಲು ಬರಬೇಕಾದದ್ದು ಉದ್ದದ ಅಲೆ.

ಇಷ್ಟೆಲ್ಲ ಸೋತು ಬಂದರೂ ಫೋನು ಬದುಕುತ್ತದೆ ಎಂಬುದು ಬೆರಗಿನ ಸಂಗತಿ. ಒಂದು ವ್ಯಾಟನ್ನು ನೂರು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು ಶಕ್ತಿಯ ಸಿಗ್ನಲನ್ನೂ 4ಜಿ ಫೋನು ಗುರುತಿಸಿ ಓದಬಲ್ಲದು. ಹಾಗಾದರೆ “ಎರಡು ಕಡ್ಡಿ ತೋರಿಸ್ತದೆ ಮಾರಾಯ್ರೆ, ಕಾಲ್ ಮಾತ್ರ ಹೋಗೂದಿಲ್ಲ” ಎಂಬ ದೂರು ಎಲ್ಲಿಂದ ಬಂತು? ಆ ಕಡ್ಡಿಗಳು ಟವರಿನಿಂದ ಫೋನಿಗೆ ಬರುವ ಅಲೆಯನ್ನಷ್ಟೇ ಅಳೆಯುತ್ತವೆ. ಟವರಿನ ರೇಡಿಯೊ ಹತ್ತಾರು ವ್ಯಾಟಿನದು. ಕೈಯಲ್ಲಿರುವ 4ಜಿ ಫೋನು ಹೆಚ್ಚೆಂದರೆ ಒಂದು ವ್ಯಾಟಿನ ಐದನೇ ಒಂದು ಭಾಗ ಹೊರಡಿಸಬಲ್ಲದು. ದೇವಸ್ಥಾನದ ಮೈಕು ಇಡೀ ಊರಿಗೆ ಕೇಳುತ್ತದೆ, ಮನೆಯ ಜಗಲಿಯಲ್ಲಿ ಕೂತು ನಾವು ಕೊಟ್ಟ ಉತ್ತರ ದೇವಸ್ಥಾನಕ್ಕೆ ಕೇಳುವುದಿಲ್ಲ. ಫೋನಿನ ಸ್ಥಿತಿಯೂ ಅದೇ. ಟವರಿನ ಆ್ಯಂಟೆನಾ ಕಿವಿ ಚುರುಕಾಗಿಟ್ಟುಕೊಂಡು ಈ ಅಂತರವನ್ನು ಒಂದಷ್ಟು ತುಂಬುತ್ತದೆ. ಗುಡ್ಡದ ಹಿಂದಿನಿಂದ ಬಂದ ಉತ್ತರಕ್ಕೆ ಅಷ್ಟು ಸಾಲುವುದಿಲ್ಲ.

ಅಡುಗೆಮನೆಯ ಕಿಟಕಿಯ ಒಂದೇ ಮೂಲೆಯಲ್ಲಿ ರೇಂಜ್ ಸಿಗುವುದು ಮಲೆನಾಡಿನ ಮನೆಮನೆಯ ಅನುಭವ. ಅದೂ ಕಟ್ಟುಕತೆಯಲ್ಲ. ತಗ್ಗಿಗೆ ಇಳಿಯುವ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಎದುರು ಗುಡ್ಡಕ್ಕೆ ತಾಗಿ ಒಂದು, ಬಂಡೆಗೆ ತಾಗಿ ಇನ್ನೊಂದು, ಹೀಗೆ ಹಲವು ಅಲೆಗಳು ಮನೆಯೊಳಗೆ ಸೇರುತ್ತವೆ. ಕೆಲವು ಬಿಂದುಗಳಲ್ಲಿ ಅವು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಕಡೆ ಅಳಿಸಿಹಾಕುತ್ತವೆ. 900 ಮೆಗಾಹರ್ಟ್ಸ್‌ನಲ್ಲಿ ಈ ಬಿಂದುಗಳ ನಡುವಿನ ಅಂತರ 17 ಸೆಂಟಿಮೀಟರಿನಷ್ಟು, ಗೇಣಿಗೂ ಕಡಿಮೆ. ಕಿಟಕಿಯಲ್ಲಿಟ್ಟ ಫೋನನ್ನು ಮೊಮ್ಮಗು ಸ್ವಲ್ಪ ಸರಿಸಿದರೆ ಅಜ್ಜಿ ರೇಗುವುದಕ್ಕೆ ಭೌತವಿಜ್ಞಾನದ ಸಮರ್ಥನೆಯಿದೆ.

ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದಕ್ಕೆ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಮೊಬೈಲ್ ಅಲೆಗಳು ಮಳೆಹನಿಗೆ ಸೋಲುವುದು ತೀರ ಕಡಿಮೆ. ನಿಜವಾದ ಕಾರಣಗಳು ಬೇರೆಡೆ ಇವೆ. ಮಳೆಯಲ್ಲಿ ತೊಯ್ದ ಎಲೆ ಒಣ ಎಲೆಗಿಂತ ಹೆಚ್ಚು ಅಲೆ ನುಂಗುತ್ತದೆ, ಮತ್ತು ಮಲೆನಾಡಿನಲ್ಲಿ ಎಲೆಗೆ ಕೊರತೆಯಿಲ್ಲ. ಟವರಿನಿಂದ ಟವರಿಗೆ ಮಾತು ಸಾಗಿಸುವ ಮೈಕ್ರೊವೇವ್ ಕೊಂಡಿ 15, 18 ಗಿಗಾಹರ್ಟ್ಸ್‌ನಂಥ ಎತ್ತರದ ಕಂಪನದಲ್ಲಿದ್ದರೆ ಜಡಿಮಳೆ ಅದನ್ನು ನಿಜಕ್ಕೂ ಕುಗ್ಗಿಸುತ್ತದೆ. ಆಗ ನಿಮ್ಮ ಮನೆಗೆ ಟವರ್ ಸಿಕ್ಕರೂ ಟವರಿಗೆ ಲೋಕ ಸಿಗುವುದಿಲ್ಲ. ಇವೆರಡಕ್ಕಿಂತ ದೊಡ್ಡ ಕಾರಣ ಕರೆಂಟು. ಕಾಡಿನೊಳಗೆ ಬರುವ ವಿದ್ಯುತ್ ತಂತಿಯ ಮೇಲೆ ಮರ ಬೀಳುತ್ತದೆ, ಟವರಿನ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ, ಜನರೇಟರಿಗೆ ಡೀಸೆಲ್ ಹಾಕಿಸುವ ದುಡ್ಡಿಗೆ ಮಂಜೂರಾತಿ ಇರುವುದಿಲ್ಲ. ಹೊಸ ಟವರಿಗೆ ಅಡಿಗಲ್ಲು ಹಾಕಲು ಜನಪ್ರತಿನಿಧಿಗಳು ಬರುತ್ತಾರೆ. ಇರುವ ಟವರಿನ ಬ್ಯಾಟರಿ ಬದಲಿಸಲು ವರ್ಷಗಟ್ಟಲೆ ಅರ್ಜಿ ಕೊಡಬೇಕು. ನನ್ನ ಅಭಿಪ್ರಾಯದಲ್ಲಿ ಹಳ್ಳಿಯ ದೂರಸಂಪರ್ಕದ ಅತಿ ದೊಡ್ಡ ಕಾಯಿಲೆ ಇದು, ಮತ್ತು ಇದಕ್ಕೆ ಹೊಸ ಆವಿಷ್ಕಾರವೇನೂ ಬೇಕಿಲ್ಲ.

ರೇಂಜ್ ಸಿಗಲೆಂದು ಸಿಕ್ಕಿದ ಬೂಸ್ಟರ್ ತಂದು ಮನೆಯ ಮಾಡಿಗೆ ಹಾಕಿಕೊಳ್ಳುವವರಿದ್ದಾರೆ. ಪರವಾನಗಿಯಿಲ್ಲದೆ ಅದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ಕಳಪೆ ಬೂಸ್ಟರ್ ಸಿಗ್ನಲಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿನ ಕಿವಿಗೆ ತುಂಬುತ್ತದೆ. ಒಬ್ಬರ ಮನೆಗೆ ಸಿಗುವ ರೇಂಜಿಗೆ ಸುತ್ತಲಿನ ಹತ್ತು ಮನೆಯವರು ಬೆಲೆ ತೆರುತ್ತಾರೆ.

2020ರ ಲಾಕ್‌ಡೌನ್ ಈ ಕತೆಯನ್ನೆಲ್ಲ ರಾಜ್ಯದ ಮುಂದೆ ತಂದಿಟ್ಟಿತು. ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿದರು, ಕೊಡೆ ಹಿಡಿದ ಅಪ್ಪಂದಿರ ಪಕ್ಕ ರಸ್ತೆ ಬದಿಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡರು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಫಲಕಗಳು ಎದ್ದವು. ಅದು ಸಿನಿಮಾ ನೋಡಲು ಇಂಟರ್‌ನೆಟ್ ಬೇಕೆಂಬ ಹಟವಾಗಿರಲಿಲ್ಲ. ಹಾವು ಕಚ್ಚಿದ ಹೊತ್ತಿನಲ್ಲಿ ಆಂಬುಲೆನ್ಸಿಗೆ ಫೋನು ಮಾಡಲು ಗುಡ್ಡ ಹತ್ತಬೇಕಾದ, ಪಡಿತರದ ಹೆಬ್ಬೆಟ್ಟು ತೆಗೆದುಕೊಳ್ಳಲು ಯಂತ್ರವನ್ನೇ ಎತ್ತರದ ಜಾಗಕ್ಕೆ ಒಯ್ಯಬೇಕಾದ ಜನರ ಕೋಪ ಅದು.

ಖಾಸಗಿ ಕಂಪನಿಗೆ ಇಲ್ಲಿ ಲಾಭವಿಲ್ಲ ಎಂಬುದನ್ನು ಒಪ್ಪಲೇಬೇಕು. ಐದು ಕಿಲೋಮೀಟರ್ ಸುತ್ತಿನಲ್ಲಿ ಕೆಲವೇ ನೂರು ಮನೆ, ಅವುಗಳಲ್ಲಿ ಅರ್ಧ ಗುಡ್ಡದ ಮರೆಗೆ. ಈ ನಷ್ಟ ತುಂಬಲೆಂದೇ 2002ರಿಂದ ಕಂಪನಿಗಳ ವರಮಾನದ ನೂರಕ್ಕೆ ಐದು ಭಾಗ ಒಂದು ನಿಧಿಗೆ ಸೇರುತ್ತಿದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ನಗರದಲ್ಲಿ ಕೂತು ರೀಚಾರ್ಜ್ ಮಾಡುವ ಪ್ರತಿಯೊಬ್ಬರೂ ಕಾಡಂಚಿನ ಟವರಿಗೆ ಕಾಸು ಕೊಟ್ಟಿದ್ದಾರೆ. 2022ರಲ್ಲಿ ಕೇಂದ್ರ ಸರ್ಕಾರ 4ಜಿ ಕಾಣದ 24,680 ಹಳ್ಳಿಗಳಿಗೆ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿ ಬಿಎಸ್‌ಎನ್‌ಎಲ್‌ಗೆ ವಹಿಸಿತು. ಬಿಎಸ್‌ಎನ್‌ಎಲ್ ಈಗ ಹಾಕುತ್ತಿರುವ ಸ್ವದೇಶಿ 4ಜಿಯ ಕೇಂದ್ರಭಾಗ ರೂಪಿಸಿದ್ದು ಕಿತ್ತೂರಿನ ಪೆಟ್ಟಿಗೆ ಕಟ್ಟಿದ ಅದೇ ಸಿ-ಡಾಟ್. ಟವರಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು.

ಇಷ್ಟಾಗಿಯೂ ಒಂಟಿಮನೆಗಳ ಕಣಿವೆಗೆ ಹೆಚ್ಚು ಒಗ್ಗಿದ್ದು ಗಾಜಿನ ಎಳೆ. ಆಪ್ಟಿಕಲ್ ಫೈಬರಿನ ನಡುವೆ ಬೆಳಕು ಓಡುವ ಭಾಗ 9 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಕಡಿಮೆ. ಅದಕ್ಕೆ ಗುಡ್ಡವೂ ಒಂದೇ, ತಗ್ಗೂ ಒಂದೇ. ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಐದು ಕಿಲೋಮೀಟರಿಗೆ ಏದುಸಿರು ಬಿಡುತ್ತಿತ್ತು. ಗಾಜಿನೊಳಗಿನ ಬೆಳಕು ಹದಿನೈದು ಕಿಲೋಮೀಟರ್ ಹೋದಮೇಲೂ ಅರ್ಧದಷ್ಟು ಉಳಿದಿರುತ್ತದೆ. ಮನೆಗಳಿಗೆ ಕೊಡುವ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯ ಬೆಳಕನ್ನು ಸಣ್ಣ ಗಾಜಿನ ಕವಲಿನಿಂದ 32 ಮನೆಗಳಿಗೆ ಹಂಚಬಹುದು, 20 ಕಿಲೋಮೀಟರಿನವರೆಗೆ. ಮಲೆನಾಡಿನ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ ಆ ಕವಲಿಗೆ ಕರೆಂಟೇ ಬೇಡ. ಎಕ್ಸ್‌ಚೇಂಜಿನಲ್ಲಿ ಕರೆಂಟು, ಮನೆಯಲ್ಲಿ 12 ವೋಲ್ಟಿನ ಚಿಕ್ಕ ಪೆಟ್ಟಿಗೆಗೆ ಕರೆಂಟು. ನಡುವಿನ ಕಾಡಿನಲ್ಲಿ ಏನೂ ಇಲ್ಲ.

ಹಳ್ಳಿಯ ಕೇಬಲ್ ಟೀವಿ ನಡೆಸುತ್ತಿದ್ದ ಹುಡುಗರು, ಫ್ರಾಂಚೈಸಿ ಹಿಡಿದವರು ಈ ಎಳೆಯನ್ನು ಕಂಬದಿಂದ ಕಂಬಕ್ಕೆ, ಕಂಬವಿಲ್ಲದ ಕಡೆ ಮರದಿಂದ ಮರಕ್ಕೆ ಕಟ್ಟುತ್ತ ತೋಟದ ಮನೆಗಳಿಗೆ ಮುಟ್ಟಿಸಿದರು. ಮನೆಯಲ್ಲಿ ವೈಫೈ ಬಂದರೆ ಮೊಬೈಲ್ ಕರೆಯೂ ಅದರ ಮೇಲೇ ಹೋಗುತ್ತದೆ. 2019ರ ಕೊನೆಯಿಂದ ನಮ್ಮ ಕಂಪನಿಗಳು ವೈಫೈ ಕಾಲಿಂಗ್ ಕೊಟ್ಟಿವೆ. ಟವರ್ ಕಾಣದ ಎಷ್ಟೋ ಮನೆಗಳಲ್ಲಿ ಇಂದು ಮಾತು ಹೊರಡುತ್ತಿರುವುದು ಹೀಗೆ.

ಮರ ಬಿದ್ದರೆ ಇದೂ ಹರಿಯುತ್ತದೆ. ಆದರೆ ಎಲ್ಲಿ ಹರಿದಿದೆ ಎಂದು ಕಾಡೆಲ್ಲ ನಡೆದು ಹುಡುಕಬೇಕಿಲ್ಲ. ಎಕ್ಸ್‌ಚೇಂಜಿನ ತುದಿಯಿಂದ ಒಂದು ಬೆಳಕಿನ ಮಿಡಿತ ಬಿಟ್ಟರೆ ತುಂಡಾದ ಜಾಗದಿಂದ ಪ್ರತಿಫಲನ ಮರಳುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್. ಮಿಡಿತ ಹೋಗಿ ಮರಳಲು 60 ಮೈಕ್ರೊಸೆಕೆಂಡ್ ತೆಗೆದುಕೊಂಡರೆ ತುಂಡಾದದ್ದು ಆರು ಕಿಲೋಮೀಟರ್ ಆಚೆ. ಹುಡುಗರು ಬೈಕಿನಲ್ಲಿ ಅಲ್ಲಿಗೆ ಹೋಗುತ್ತಾರೆ. ಒಬ್ಬ ಕೊಡೆ ಹಿಡಿಯುತ್ತಾನೆ. ಇನ್ನೊಬ್ಬ ಎಳೆಯ ಮೇಲಿನ ಬಣ್ಣದ ಹೊದಿಕೆ ಸುಲಿದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿಡುತ್ತಾನೆ. ಪುಟ್ಟ ಪರದೆಯಲ್ಲಿ ಎರಡು ಎಳೆಗಳು ಎದುರುಬದುರು ಕಾಣುತ್ತವೆ. ಯಂತ್ರ ಅವನ್ನು ಮೈಕ್ರಾನಿನ ಅಳತೆಯಲ್ಲಿ ಸರಿಹೊಂದಿಸಿ ವಿದ್ಯುತ್ ಕಿಡಿ ಹಾರಿಸಿ ಗಾಜನ್ನು ಕರಗಿಸಿ ಬೆಸೆಯುತ್ತದೆ. ಒಂದು ಮಳೆಹನಿ ಒಳಗೆ ಬಿದ್ದರೆ ಮತ್ತೆ ಮೊದಲಿನಿಂದ. ಪ್ರಯೋಗಾಲಯದಲ್ಲಿ ನಡೆಯಬೇಕಾದಷ್ಟು ನಾಜೂಕಿನ ಈ ಕೆಲಸವನ್ನು ಜಿಗಣೆ ಹತ್ತುವ ರಸ್ತೆಬದಿಯಲ್ಲಿ ನಿಂತು ಮಾಡುವ ಇವರ ಬಗ್ಗೆ ನನಗೆ ಅಪಾರ ಗೌರವವಿದೆ. ಹಳೆಯ ಲೈನ್‌ಮನ್ನಿನ ಜಾಗ ತುಂಬಿದವರು ಇವರೇ.

ಉಪಗ್ರಹವನ್ನು ಕೆಲವರು ಎಲ್ಲಕ್ಕೂ ಮದ್ದು ಎನ್ನುತ್ತಾರೆ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಮಾತಾಡಿದರೆ ಉತ್ತರ ಮರಳಲು ಅರ್ಧ ಸೆಕೆಂಡ್ ಹಿಡಿಯುತ್ತದೆ. 550 ಕಿಲೋಮೀಟರ್ ಎತ್ತರದಲ್ಲಿ ಓಡುವ ಹೊಸ ಉಪಗ್ರಹಗಳಿಗೆ ಆ ತೊಂದರೆಯಿಲ್ಲ. ಆದರೆ ಅವುಗಳಿಗೆ ವಿಶಾಲವಾದ ತೆರೆದ ಆಕಾಶ ಬೇಕು. ಸುತ್ತ ಗುಡ್ಡ, ತಲೆಯ ಮೇಲೆ ಅಡಿಕೆ ಸೋಗೆ ಇರುವ ಅಂಗಳದಲ್ಲಿ ಆಕಾಶವೇ ಚಿಕ್ಕದು. ಕೆಲವು ಮನೆಗಳಿಗೆ ಅದು ಒದಗೀತು, ಊರಿಗೆಲ್ಲ ಅಲ್ಲ.

ಇನ್ನು ಭಾರತ್‌ನೆಟ್. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯಲು 2011ರಲ್ಲಿ ಒಪ್ಪಿದ ಈ ಯೋಜನೆಯ ಮೊದಲ ಹಂತದಲ್ಲಿ ಎಳೆ ಒಂದೇ ದಾರಿಯಲ್ಲಿ ಬಂದು ಪಂಚಾಯಿತಿಯಲ್ಲಿ ಮುಗಿಯುತ್ತಿತ್ತು. ರಸ್ತೆ ಅಗಲ ಮಾಡುವ ಜೆಸಿಬಿಯ ಒಂದು ಹಲ್ಲು ತಾಗಿದರೆ ಅಲ್ಲಿಂದಾಚೆಗೆಲ್ಲ ಕತ್ತಲು. 2023ರಲ್ಲಿ ತಿದ್ದಿದ ಯೋಜನೆ 1.39 ಲಕ್ಷ ಕೋಟಿ ರೂಪಾಯಿಯದು. ಅದರಲ್ಲಿ ಎರಡು ಒಳ್ಳೆಯ ಬದಲಾವಣೆಗಳಿವೆ. ಎಳೆದವರೇ ಹತ್ತು ವರ್ಷ ನಿರ್ವಹಿಸಬೇಕು, ಮತ್ತು ಪಂಚಾಯಿತಿಗಳನ್ನು ಉಂಗುರದಂತೆ ಬೆಸೆಯಬೇಕು. ಉಂಗುರ ಒಂದು ಕಡೆ ತುಂಡಾದರೆ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ.

ಉಂಗುರಕ್ಕೆ ಎರಡು ದಾರಿ ಬೇಕು. ಪಶ್ಚಿಮಘಟ್ಟದ ಎಷ್ಟೋ ಪಂಚಾಯಿತಿಗಳಿಗೆ ಇರುವುದು ಒಂದೇ ರಸ್ತೆ, ಎರಡೂ ಬದಿಗೆ ರಕ್ಷಿತಾರಣ್ಯ. ಹೋಗುವ ಎಳೆಯನ್ನೂ ಬರುವ ಎಳೆಯನ್ನೂ ಅದೇ ರಸ್ತೆಯ ಅದೇ ಚರಂಡಿಯಲ್ಲಿ ಹೂತರೆ ನಕ್ಷೆಯಲ್ಲಿ ಉಂಗುರ ಕಾಣುತ್ತದೆ, ಧರೆ ಕುಸಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಇಂಥ ಕಡೆ ಉಂಗುರದ ಒಂದು ತೋಳನ್ನು ಫೈಬರಿನಿಂದ ಮಾಡಿ, ಇನ್ನೊಂದನ್ನು ಗುಡ್ಡದ ನೆತ್ತಿಯಿಂದ ನೆತ್ತಿಗೆ ರೇಡಿಯೊ ಕೊಂಡಿಯಿಂದ ಮಾಡಬೇಕು. ಮಳೆಗೆ ಹೆಚ್ಚು ಬಗ್ಗದ 6 ಅಥವಾ 7 ಗಿಗಾಹರ್ಟ್ಸ್‌ನಂಥ ಕಂಪನ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ವೇಗ ಫೈಬರಿಗಿಂತ ಕಡಿಮೆಯಿದ್ದೀತು. ರಸ್ತೆ ಮುಚ್ಚಿದ ಜುಲೈ ತಿಂಗಳ ಆ ವಾರದಲ್ಲಿ ಆಂಬುಲೆನ್ಸಿನ ಕರೆಗೆ, ಪಡಿತರದ ಹೆಬ್ಬೆಟ್ಟಿಗೆ, ಪಂಚಾಯಿತಿಯಿಂದ ತಹಸೀಲ್ದಾರರಿಗೆ ಹೋಗುವ ಮಾತಿಗೆ ಅಷ್ಟು ವೇಗ ಧಾರಾಳ ಸಾಕು. ಗುಡ್ಡದ ಮೇಲೆ ಆ ರೇಡಿಯೊಗೆ ಬೇಕಾದದ್ದು ಸೌರಫಲಕ, ಮಳೆಗಾಲದ ಮೋಡ ಕವಿದ ದಿನಗಳನ್ನು ದಾಟಿಸುವಷ್ಟು ದೊಡ್ಡ ಬ್ಯಾಟರಿ, ಮತ್ತು ಮೇ ತಿಂಗಳಲ್ಲಿ ಹತ್ತಿ ಹೋಗಿ ಆ ಬ್ಯಾಟರಿಯನ್ನು ಪರೀಕ್ಷಿಸಿ ಬರಲು ಸಂಬಳ ಪಡೆಯುವ ಊರಿನ ಒಬ್ಬರು.